ಮೊಬೈಲ್ ನೋಡುವ ಮಗು ಮಾತು ಕಲಿಯುತ್ತದಾ?

‘ತಟ್ಟೆ’ ಎಂದು ನಿಧಾನವಾಗಿ ಹೇಳಿ ನೋಡಿ. ತ ಹೇಳುವಾಗ ನಾಲಿಗೆಯ ತುದಿ ಹಲ್ಲಿಗೆ ತಾಗುತ್ತದೆ. ಟ ಹೇಳುವಾಗ ಅದು ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ. ಇವೆರಡೂ ಬೇರೆ ಎಂದು ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಂಗ್ಲಿಷ್ ಮಾತ್ರ ಕೇಳಿ ಬೆಳೆದ ದೊಡ್ಡವರಿಗೆ ಈ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಆದರೆ ಅವರದೇ ಮನೆಯ ಆರು ತಿಂಗಳ ಕೂಸಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ.

ಇದನ್ನು ತೋರಿಸಿಕೊಟ್ಟವರು ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್. ಅವರ ಅಧ್ಯಯನ ಪ್ರಕಟವಾದದ್ದು 1984ರಲ್ಲಿ. ಇಂಗ್ಲಿಷ್ ಮನೆಗಳ ಶಿಶುಗಳಿಗೆ ಅವರು ಹಿಂದಿಯ ತ ಮತ್ತು ಟ ಕೇಳಿಸಿದರು. ಒಂದೇ ಸಮನೆ ಬರುತ್ತಿದ್ದ ಶಬ್ದ ಬದಲಾದ ಕೂಡಲೇ ಪಕ್ಕದಲ್ಲಿದ್ದ ಆಟಿಕೆಗೆ ಜೀವ ಬರುತ್ತಿತ್ತು. ಬದಲಾವಣೆ ಗೊತ್ತಾದ ಕೂಸು ಆಟಿಕೆ ಕಡೆ ತಲೆ ತಿರುಗಿಸುತ್ತಿತ್ತು. 6ರಿಂದ 8 ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಇದರಲ್ಲಿ ಗೆದ್ದವು. 10ರಿಂದ 12 ತಿಂಗಳಾಗುವ ಹೊತ್ತಿಗೆ ಬಹುಪಾಲು ಶಿಶುಗಳಿಗೆ ಅದು ಸಾಧ್ಯವಾಗಲಿಲ್ಲ.

ಅಂದರೆ ಮೊದಲ ವರ್ಷದಲ್ಲೇ ಮಗುವಿನ ಮಿದುಳು ಒಂದು ದೊಡ್ಡ ಆಯ್ಕೆ ಮಾಡಿ ಮುಗಿಸುತ್ತದೆ. ಸುತ್ತ ಆಡುವ ಭಾಷೆಯ ಶಬ್ದಗಳನ್ನು ಗಟ್ಟಿ ಮಾಡಿಕೊಳ್ಳುತ್ತದೆ, ಬೇಡದ್ದನ್ನು ಬಿಡುತ್ತದೆ. ಒಂದೂ ಮಾತಾಡದ ಕೂಸು ಒಳಗೊಳಗೇ ಇಷ್ಟೆಲ್ಲ ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ‘ಇನ್ನೂ ಚಿಕ್ಕದು, ಅದಕ್ಕೇನು ತಿಳಿಯುತ್ತೆ, ಸುಮ್ನೆ ನೋಡಿಕೊಂಡಿರಲಿ’ ಎಂದು ಮೊಬೈಲ್ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಕಲಿಕೆ ಪರದೆಯಿಂದ ಆಗುತ್ತದಾ?

ಅಮೆರಿಕದ ಸಿಯಾಟಲ್‌ನಲ್ಲಿ ಪ್ಯಾಟ್ರಿಷಿಯಾ ಕೂಲ್ ಮತ್ತು ಅವರ ತಂಡ ಇದನ್ನು ನೇರವಾಗಿ ಪರೀಕ್ಷಿಸಿತು. ಫಲಿತಾಂಶ ಬಂದದ್ದು 2003ರಲ್ಲಿ. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸುವುದು ಅವರ ಯೋಜನೆ. ಒಂದು ಗುಂಪಿನ ಎದುರು ಮ್ಯಾಂಡರಿನ್ ಮಾತಾಡುವವರು ನೆಲದ ಮೇಲೆ ಕೂತು ಪುಸ್ತಕ ಓದಿದರು, ಆಟಿಕೆ ಹಿಡಿದು ಆಡಿದರು. ಸುಮಾರು 25 ನಿಮಿಷದ ಇಂಥ 12 ಕೂಟಗಳು ನಡೆದವು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಪುಸ್ತಕ, ಅದೇ ಮಾತು, ಆದರೆ ಟಿವಿಯಲ್ಲಿ. ಮತ್ತೊಂದು ಗುಂಪಿಗೆ ಬರೀ ಧ್ವನಿ.

ಎದುರಿಗೆ ಕೂತು ಕೇಳಿದ ಕೂಸುಗಳು ಮ್ಯಾಂಡರಿನ್ ಶಬ್ದಗಳನ್ನು ತೈವಾನಿನ ಕೂಸುಗಳಷ್ಟೇ ಚೆನ್ನಾಗಿ ಗುರುತಿಸಿದವು. ಟಿವಿಯಲ್ಲಿ ನೋಡಿದ ಗುಂಪು ಏನನ್ನೂ ಕಲಿಯಲಿಲ್ಲ. ಕಡಿಮೆ ಕಲಿತವು ಎಂದಲ್ಲ, ಮ್ಯಾಂಡರಿನ್ ಕೇಳಿಯೇ ಇರದ ಕೂಸುಗಳಿಗೂ ಇವಕ್ಕೂ ವ್ಯತ್ಯಾಸವೇ ಇರಲಿಲ್ಲ. ಮಾತು ಅದೇ, ಧ್ವನಿ ಅದೇ. ಹಾಗಾದರೆ ಟಿವಿಯಲ್ಲಿ ಇಲ್ಲದ್ದು ಏನು?

ಮಗು ಕಾಗೆಯನ್ನು ನೋಡುತ್ತದೆ. ಅಮ್ಮ ಮಗುವಿನ ಕಣ್ಣು ಎಲ್ಲಿದೆ ಎಂದು ನೋಡಿ, ತಾನೂ ಅದೇ ಕಡೆ ತಿರುಗಿ ‘ಓ, ಕಾಗೆ ಬಂತಾ?’ ಎನ್ನುತ್ತಾಳೆ. ಮಗು ‘ಕಾ’ ಎನ್ನುತ್ತದೆ. ‘ಹೂಂ, ಕಾಗೆ! ಕಾ ಕಾ ಅಂತ ಕೂಗ್ತಾ ಇದೆ’ ಎಂದು ಅವಳು ಮುಂದುವರಿಸುತ್ತಾಳೆ. ಹತ್ತು ಸೆಕೆಂಡೂ ಹಿಡಿಯದ ಮಾತುಕತೆ ಇದು. ಆದರೆ ಇದರಲ್ಲಿ ಮೂರು ಸಂಗತಿ ನಡೆದಿವೆ. ಇಬ್ಬರ ಗಮನವೂ ಒಂದೇ ವಸ್ತುವಿನ ಮೇಲಿತ್ತು. ಪದ ಬಂದದ್ದು ಮಗುವಿಗೆ ಅದು ಬೇಕಾಗಿದ್ದ ಕ್ಷಣದಲ್ಲೇ. ಮಗು ಬಾಯಿ ಬಿಟ್ಟಾಗ ಜಗತ್ತು ಅದಕ್ಕೆ ಉತ್ತರ ಕೊಟ್ಟಿತು. ಕಾರ್ಟೂನಿನ ಕಾಗೆ ಇದನ್ನು ಮಾಡಲಾರದು. ಮಗು ಎಲ್ಲಿ ನೋಡುತ್ತಿದೆ ಎಂದು ಅದಕ್ಕೆ ಗೊತ್ತಿಲ್ಲ. ಮಗು ಏನಾದರೂ ಹೇಳಿದರೆ ಅದು ನಿಲ್ಲುವುದಿಲ್ಲ, ತನ್ನ ಪಾಡಿಗೆ ಓಡುತ್ತಿರುತ್ತದೆ.

ಇನ್ನೊಂದು ತೊಡಕೂ ಇದೆ. ಪರದೆಯ ಮೇಲಿನದಕ್ಕೂ ಎದುರಿನ ಪ್ರಪಂಚಕ್ಕೂ ನಂಟು ಕಟ್ಟುವುದು ಎಳೆಯ ಮಿದುಳಿಗೆ ಸುಲಭವಲ್ಲ. ಜಾರ್ಜೀನ್ ಟ್ರೋಸೆತ್ ಮತ್ತು ಜೂಡಿ ಡಿಲೋಷ್ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ವರ್ಷದ ಮಕ್ಕಳ ಎದುರೇ, ಪಕ್ಕದ ಕೋಣೆಯಲ್ಲಿ ಗೊಂಬೆ ಬಚ್ಚಿಟ್ಟರು. ಕಿಟಕಿಯಿಂದ ನೋಡಿದ ಮಕ್ಕಳು ಹೋಗಿ ಹುಡುಕಿ ತಂದರು. ಅದನ್ನೇ ಟಿವಿ ಪರದೆಯಲ್ಲಿ ನೋಡಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಆಗಲಿಲ್ಲ. ಕಣ್ಣಾರೆ ನೋಡಿದರೂ, ‘ಅದು ಈ ಕೋಣೆಯೇ’ ಎಂದು ಹೊಳೆಯಲಿಲ್ಲ. ಎರಡೂವರೆ ವರ್ಷ ದಾಟುತ್ತಾ ಈ ಕಷ್ಟ ಕಡಿಮೆಯಾಗುತ್ತದೆ.

ವಿದೇಶದಲ್ಲಿರುವ ಕನ್ನಡದ ಮನೆಗಳಿಗೆ ಇಲ್ಲೊಂದು ಖುಷಿಯ ವಿಷಯ ಇದೆ. ‘ಸ್ಕ್ರೀನ್ ಬೇಡ ಅಂತೀರಿ, ಮತ್ತೆ ಮೊಮ್ಮಗು ಅಜ್ಜಿ ಜೊತೆ ಮಾತಾಡೋದು ಹೇಗೆ?’ ಎಂದು ಹಲವರು ಕೇಳುತ್ತಾರೆ. 2014ರಲ್ಲಿ ಸಾರಾ ರೋಸ್‌ಬೆರಿ ಮತ್ತು ಸಂಗಡಿಗರು 24ರಿಂದ 30 ತಿಂಗಳ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಮೂರು ರೀತಿಯಲ್ಲಿ ಕಲಿಸಿ ನೋಡಿದರು. ಎದುರಿಗೆ ಕೂತು, ವಿಡಿಯೋ ಕಾಲ್‌ನಲ್ಲಿ, ಮತ್ತು ಮೊದಲೇ ಚಿತ್ರೀಕರಿಸಿದ ವಿಡಿಯೋದಲ್ಲಿ. ವಿಡಿಯೋ ಕಾಲ್‌ನಲ್ಲಿ ಮಕ್ಕಳು ಎದುರಿಗೆ ಕೂತಷ್ಟೇ ಚೆನ್ನಾಗಿ ಕಲಿತರು. ಚಿತ್ರೀಕರಿಸಿದ ವಿಡಿಯೋದಿಂದ ಕಲಿಯಲಿಲ್ಲ. ಎರಡೂ ಪರದೆಯೇ, ಅಲ್ವಾ? ಆದರೆ ಒಂದರಲ್ಲಿ ಮಗುವಿಗೆ ಉತ್ತರ ಕೊಡುವ ಮನುಷ್ಯರಿದ್ದಾರೆ. ಹುಬ್ಬಳ್ಳಿಯಲ್ಲಿ ಕೂತ ಅಜ್ಜಿ ‘ಏನ್ ಊಟ ಮಾಡ್ದಿ ಪುಟ್ಟಾ?’ ಎಂದು ಕೇಳಿ, ನ್ಯೂಜೆರ್ಸಿಯ ಮೊಮ್ಮಗಳ ಉತ್ತರಕ್ಕೆ ಕಾಯುತ್ತಾಳೆ. ಕನ್ನಡ ಕಲಿಯಲಿ ಎಂದು ಗಂಟೆಗಟ್ಟಲೆ ಶಿಶುಗೀತೆಯ ವಿಡಿಯೋ ಹಾಕುವುದಕ್ಕಿಂತ ಆ ಹದಿನೈದು ನಿಮಿಷದ ಕರೆ ಎಷ್ಟೋ ಮೇಲು.

‘ನಮ್ಮ ಮಗು ಯೂಟ್ಯೂಬ್ ನೋಡಿಯೇ ಎಬಿಸಿಡಿ, ಬಣ್ಣ, ಒಂದರಿಂದ ಇಪ್ಪತ್ತು ಎಲ್ಲ ಹೇಳುತ್ತೆ’ ಎಂದು ಅಪ್ಪ ಅಮ್ಮ ಹೆಮ್ಮೆಯಿಂದ ಹೇಳುವುದುಂಟು. ಹೇಳುತ್ತದೆ, ನಿಜ. ಆದರೆ ಅದೇ ಮಗು ‘ನೀರು ಬೇಕು’ ಎಂದು ಕೇಳುತ್ತದಾ? ಹೆಸರು ಕರೆದರೆ ತಿರುಗುತ್ತದಾ? ಆಟಿಕೆ ತಂದು ‘ನೋಡು’ ಎಂದು ತೋರಿಸುತ್ತದಾ? ಒಪ್ಪಿಸುವುದು ಬೇರೆ, ಮಾತಾಡುವುದು ಬೇರೆ. ಒಪ್ಪಿಸುವುದಕ್ಕೆ ಎದುರಿಗೆ ಯಾರೂ ಬೇಕಿಲ್ಲ. ಮಾತಿಗೆ ಇನ್ನೊಬ್ಬರು ಬೇಕು.

ಪಾಲಕರ ಈ ನಂಬಿಕೆಯನ್ನೂ ಡಿಲೋಷ್ ಪರೀಕ್ಷಿಸಿದ್ದಾರೆ. ಪುಟಾಣಿಗಳಿಗೆ ಪದ ಕಲಿಸುತ್ತದೆ ಎಂದು ಮಾರಾಟವಾಗುತ್ತಿದ್ದ ಒಂದು ಡಿವಿಡಿಯನ್ನು 12ರಿಂದ 18 ತಿಂಗಳ ಮಕ್ಕಳಿಗೆ ನಾಲ್ಕು ವಾರ ತೋರಿಸಿದರು. ನೋಡದ ಮಕ್ಕಳಿಗಿಂತ ಅವು ಹೆಚ್ಚೇನೂ ಕಲಿಯಲಿಲ್ಲ. ಡಿವಿಡಿ ಇಲ್ಲದೆ ಅಪ್ಪ ಅಮ್ಮನೇ ಅದೇ ಪದಗಳನ್ನು ಕಲಿಸಿದ ಮಕ್ಕಳು ಎಲ್ಲರಿಗಿಂತ ಮುಂದಿದ್ದವು. ಡಿವಿಡಿಯನ್ನು ಮೆಚ್ಚಿಕೊಂಡಿದ್ದ ಪಾಲಕರು ಮಾತ್ರ ಮಗು ಅದರಿಂದ ಬಹಳ ಕಲಿತಿದೆ ಎಂದೇ ನಂಬಿದ್ದರು.

ಇಲ್ಲಿಯವರೆಗೆ ಹೇಳಿದ್ದು ಪರದೆ ಏನು ಕೊಡುವುದಿಲ್ಲ ಎಂಬುದು. ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಅದು ಏನನ್ನು ಪಕ್ಕಕ್ಕೆ ತಳ್ಳುತ್ತದೆ ಎಂಬುದು. ದಿನಕ್ಕೆ ಇರುವುದು ಇಷ್ಟೇ ಗಂಟೆ. ಎಳೆಯ ಮಗು ಎಚ್ಚರ ಇರುವ ಹೊತ್ತು ಇನ್ನೂ ಕಡಿಮೆ. ಮೊಬೈಲ್ ಓಡುವಾಗ ಮಗುವೂ ಸುಮ್ಮನಿರುತ್ತದೆ, ದೊಡ್ಡವರೂ ಸುಮ್ಮನಿರುತ್ತಾರೆ. ಆ ಮೌನವನ್ನು ಅಳೆದವರಿದ್ದಾರೆ. ಆಸ್ಟ್ರೇಲಿಯಾದಲ್ಲಿ 220 ಕುಟುಂಬಗಳ ಮಕ್ಕಳ ಬಟ್ಟೆಗೆ ಪುಟ್ಟ ಧ್ವನಿ ಮುದ್ರಕ ಇಟ್ಟು, ಮನೆಯಲ್ಲಿ ಏನೇನು ಕೇಳಿಸುತ್ತದೆ ಎಂದು ಲೆಕ್ಕ ಹಾಕಿದರು. 2024ರಲ್ಲಿ ಬಂದ ವರದಿ ಹೀಗಿದೆ. ಮೂರು ವರ್ಷದ ಮಗುವಿಗೆ ಪರದೆಯ ಸಮಯ ಒಂದು ನಿಮಿಷ ಹೆಚ್ಚಾದರೆ ದೊಡ್ಡವರಿಂದ ಕೇಳುವ ಮಾತು ಸುಮಾರು 7 ಪದದಷ್ಟು ಕಡಿಮೆ, ಮಗು ತಾನೇ ಆಡುವ ಮಾತು ಸುಮಾರು 5ರಷ್ಟು ಕಡಿಮೆ. ಆ ಮಕ್ಕಳು ದಿನಕ್ಕೆ ಸರಾಸರಿ ಮೂರು ಗಂಟೆಯ ಹತ್ತಿರ ಪರದೆ ನೋಡುತ್ತಿದ್ದವು. ಅಂದರೆ ಪ್ರತಿದಿನ ಸಾವಿರಕ್ಕೂ ಹೆಚ್ಚು ಪದಗಳು, ಸುಮಾರು 194 ಸಲದ ಮಾತಿನ ಕೊಡು-ಕೊಳ್ಳುವಿಕೆ ಕೈ ತಪ್ಪಿ ಹೋಗುತ್ತಿದ್ದಿರಬಹುದು.

ನಮ್ಮ ಮನೆಗಳಲ್ಲಿ ಇದು ಎಲ್ಲಕ್ಕಿಂತ ಜಾಸ್ತಿ ಕಾಣುವುದು ಊಟದ ಹೊತ್ತಿನಲ್ಲಿ. ಮೊಬೈಲ್ ಇಲ್ಲದಿದ್ದರೆ ತುತ್ತು ಇಳಿಯುವುದಿಲ್ಲ ಎಂಬ ಮಾತು ಹಳ್ಳಿ, ಪೇಟೆ ಎರಡೂ ಕಡೆ ಕೇಳುತ್ತೇವೆ. ಹಿಂದೆ ಮಗುವಿಗೆ ಊಟ ಮಾಡಿಸುವುದೆಂದರೆ ಸೊಂಟದ ಮೇಲೆ ಕೂರಿಸಿಕೊಂಡು ಅಂಗಳ ಸುತ್ತುವುದು. ಕಾಗೆ, ನಾಯಿ, ಚಂದಮಾಮ, ಎದುರು ಮನೆ ಅಜ್ಜ, ಎಲ್ಲರೂ ಆ ಊಟಕ್ಕೆ ಬರುತ್ತಿದ್ದರು. ಒಂದು ತಟ್ಟೆ ಮಮ್ಮು ಮುಗಿಯುವಷ್ಟರಲ್ಲಿ ನೂರಾರು ಮಾತು ಆಗುತ್ತಿತ್ತು. ಇದನ್ನು ಹಳೆಯ ಕಾಲದ ಮೇಲಿನ ಮೋಹದಿಂದ ಹೇಳುತ್ತಿಲ್ಲ. ದಿನಕ್ಕೆ ಮೂರು ಸಲ, ಅರ್ಧರ್ಧ ಗಂಟೆ, ಮಗುವಿನ ಮುಖಕ್ಕೆ ಮುಖ ಕೊಟ್ಟು ಕೂರುವ ಹೊತ್ತು ಅದು. ಇಡೀ ದಿನದಲ್ಲಿ ಮಾತಿಗೆ ಅಷ್ಟು ಒಳ್ಳೆಯ ಸಮಯ ಇನ್ನೊಂದಿಲ್ಲ. ಅಲ್ಲಿ ಮೊಬೈಲ್ ಬಂದರೆ ಹೊಟ್ಟೆ ತುಂಬಿದ್ದು ಮಗುವಿಗೆ ಗೊತ್ತಾಗುವುದಿಲ್ಲ ಎಂಬ ಸಮಸ್ಯೆ ಒಂದು. ಮಾತು ಹೋಗುವುದು ಅದಕ್ಕಿಂತ ದೊಡ್ಡದು.

ಯಾರೂ ನೋಡದೆ ಸುಮ್ಮನೆ ಓಡುತ್ತಿರುವ ಟಿವಿಯೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದಲ್ಲಿ 2008ರ ಒಂದು ಪ್ರಯೋಗದಲ್ಲಿ ಒಂದರಿಂದ ಮೂರು ವರ್ಷದ ಮಕ್ಕಳನ್ನು ಆಟಿಕೆಗಳ ಜೊತೆ ಬಿಟ್ಟು, ಕೋಣೆಯಲ್ಲಿ ದೊಡ್ಡವರ ಕ್ವಿಜ್ ಕಾರ್ಯಕ್ರಮ ಹಾಕಿದರು. ಮಕ್ಕಳು ಅದನ್ನು ಆಗೊಮ್ಮೆ ಈಗೊಮ್ಮೆ, ಕೆಲವೇ ಸೆಕೆಂಡು ನೋಡಿದವು, ಅಷ್ಟೇ. ಆದರೂ ಒಂದೊಂದು ಆಟವೂ ಬೇಗ ತುಂಡಾಯಿತು. ಮುಳುಗಿ ಆಡುವ ಹೊತ್ತು ಕಡಿಮೆಯಾಯಿತು. ಸಂಜೆ ಏಳರಿಂದ ಹತ್ತರವರೆಗೆ ಧಾರಾವಾಹಿ ಓಡುವ ಮನೆಯಲ್ಲಿ ‘ಮಗು ಟಿವಿ ನೋಡೋದೇ ಇಲ್ಲ’ ಎಂದರೆ ಅದು ಅರ್ಧ ಉತ್ತರ.

ಇನ್ನು ನಮ್ಮ ಕೈಯಲ್ಲಿರುವ ಫೋನ್. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಾಯಂದಿರು ಎರಡು ವರ್ಷದ ತಮ್ಮ ಮಕ್ಕಳಿಗೆ ಎರಡು ಹೊಸ ಪದ ಕಲಿಸಿದರು. ಒಂದು ಪದ ಕಲಿಸುವಾಗ ಮಧ್ಯೆ ಬೇಕೆಂದೇ ಫೋನ್ ಮಾಡಿ ಅಡ್ಡಿ ಮಾಡಲಾಯಿತು. ಎರಡೂ ಪದಗಳನ್ನು ತಾಯಿ ಅಷ್ಟೇ ಸಲ ಹೇಳಿದ್ದರೂ, ಅಡ್ಡಿಯಿಲ್ಲದೆ ಕಲಿಸಿದ್ದನ್ನು ಮಾತ್ರ ಮಕ್ಕಳು ಕಲಿತವು. ಮಗುವಿನ ಸ್ಕ್ರೀನ್ ಟೈಮ್ ಬಗ್ಗೆ ಮಾತಾಡುವಾಗ ನಾವು ನಮ್ಮದನ್ನು ಎಣಿಸುವುದೇ ಇಲ್ಲ. ನನ್ನ ಮಟ್ಟಿಗೆ ಇದು ಈ ಇಡೀ ಚರ್ಚೆಯ ದೊಡ್ಡ ಕೊರತೆ.

ಹಟ ಹಿಡಿದಾಗ ಸಮಾಧಾನಕ್ಕೆ ಫೋನ್ ಕೊಡುವುದರ ಬಗ್ಗೆಯೂ ಒಂದು ಮಾತು. ಅತ್ತ ಮಗು ತಕ್ಷಣ ಸುಮ್ಮನಾಗುತ್ತದೆ, ಹಾಗಾಗಿ ಇದು ಕೆಲಸ ಮಾಡಿತು ಅನಿಸುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಜೆನ್ನಿ ರಡೆಸ್ಕಿ ಮತ್ತು ತಂಡ 3ರಿಂದ 5 ವರ್ಷದ ಮಕ್ಕಳನ್ನು ಕೆಲವು ತಿಂಗಳು ಗಮನಿಸಿತು. ಸಮಾಧಾನಕ್ಕೆ ಪದೇ ಪದೇ ಫೋನ್ ಸಿಕ್ಕ ಮಕ್ಕಳಲ್ಲಿ, ಅದರಲ್ಲೂ ಗಂಡು ಮಕ್ಕಳಲ್ಲಿ ಮತ್ತು ಮೊದಲೇ ಚುರುಕಾಗಿ ಚಡಪಡಿಸುವ ಮಕ್ಕಳಲ್ಲಿ, ಸಿಟ್ಟು ಅಳು ಹೆಚ್ಚಾದದ್ದು ಕಂಡಿತು. ಸಿಟ್ಟು ಇಳಿಸಿಕೊಳ್ಳುವುದೂ ಕಲಿಯಬೇಕಾದ ವಿದ್ಯೆ. ದೊಡ್ಡವರ ತೊಡೆಯ ಮೇಲೆ ಕೂತು ಅಳುತ್ತಾ, ‘ಬೇಜಾರಾಯ್ತಾ ಕಂದಾ’ ಎಂಬ ಮಾತು ಕೇಳುತ್ತಾ ಅದು ಬರುತ್ತದೆ. ಫೋನ್ ಅಳುವನ್ನು ನಿಲ್ಲಿಸುತ್ತದೆ, ಈ ಪಾಠವನ್ನೂ ಅಲ್ಲಿಗೇ ನಿಲ್ಲಿಸುತ್ತದೆ.

ಇಷ್ಟೆಲ್ಲ ಓದಿ ಗಾಬರಿಯಾಗುವ ಮುಂಚೆ, ಸಂಶೋಧನೆ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂದು ನೋಡಬೇಕು. ಜಪಾನಿನಲ್ಲಿ 7,097 ತಾಯಿ-ಮಕ್ಕಳನ್ನು ಗಮನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನ ಹೀಗೆ ಹೇಳುತ್ತದೆ: ಒಂದು ವರ್ಷದಲ್ಲಿ ಪರದೆ ಹೆಚ್ಚು ನೋಡಿದ ಮಕ್ಕಳಲ್ಲಿ ಎರಡು ಮತ್ತು ನಾಲ್ಕನೇ ವರ್ಷದಲ್ಲಿ ಮಾತು-ಸಂವಹನದ ಹಿಂದುಳಿಕೆ ಹೆಚ್ಚು ಕಂಡಿತು. ದಿನಕ್ಕೆ ನಾಲ್ಕು ಗಂಟೆ ದಾಟಿದವರಲ್ಲಿ ಇನ್ನೂ ಹೆಚ್ಚು. ಇಂಥ ಅಧ್ಯಯನಗಳು ನಂಟನ್ನು ತೋರಿಸುತ್ತವೆ. ಪರದೆಯೇ ಕಾರಣ ಎಂದು ಅಷ್ಟರಿಂದಲೇ ಹೇಳಲಾಗದು. ಸಹಾಯಕ್ಕೆ ಯಾರೂ ಇಲ್ಲದ, ಬಾಣಂತನದ ನಂತರ ಮನಸ್ಸು ಕುಗ್ಗಿದ, ದುಡಿದು ಸುಸ್ತಾಗಿ ಬಂದ ತಾಯಿಯ ಮನೆಯಲ್ಲಿ ಪರದೆಯೂ ಹೆಚ್ಚಿರುತ್ತದೆ, ಮಾತಿಗೆ ಪುರುಸೊತ್ತೂ ಕಡಿಮೆ ಇರುತ್ತದೆ. ಆದರೆ ಈ ಅಧ್ಯಯನಗಳ ಪಕ್ಕದಲ್ಲಿ ಕೂಲ್, ರೋಸ್‌ಬೆರಿ ಅವರ ನೇರ ಪ್ರಯೋಗಗಳನ್ನು ಇಟ್ಟು ನೋಡಿದಾಗ ಎಚ್ಚರ ವಹಿಸಲು ಸಾಕಷ್ಟು ಕಾರಣ ಸಿಗುತ್ತದೆ.

ಆಟಿಸಂ ಎಂದರೆ ಜನರೊಂದಿಗೆ ಬೆರೆಯುವುದು, ಮಾತಾಡುವುದು ಕಷ್ಟವಾಗುವಂಥ ಬೆಳವಣಿಗೆಯ ಭಿನ್ನತೆ. ಪರದೆ ಹೆಚ್ಚು ನೋಡಿದರೆ ಅದು ಬರುತ್ತದೆ ಎಂಬರ್ಥದಲ್ಲಿ ಈಗ ಎಲ್ಲ ಕಡೆ ಹರಿದಾಡುತ್ತಿರುವ ‘ವರ್ಚುವಲ್ ಆಟಿಸಂ’ ಎಂಬ ಮಾತಿನ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ವೈದ್ಯಕೀಯ ಪಟ್ಟಿಗಳಲ್ಲಿ ಹಾಗೊಂದು ಕಾಯಿಲೆ ಇಲ್ಲ. ಆಟಿಸಂನ ಬೇರು ಬಹುಮಟ್ಟಿಗೆ ವಂಶವಾಹಿಗಳಲ್ಲಿದೆ. ಮೊಬೈಲ್ ಕೊಟ್ಟಿದ್ದರಿಂದ ಮಗುವಿಗೆ ಆಟಿಸಂ ಬಂತು ಎಂದು ತಾಯಿಯನ್ನು ದೂರುವುದು ತಪ್ಪು, ಕ್ರೂರ ಕೂಡ. ಎಷ್ಟೋ ಸಲ ನಡೆಯುವುದು ಇದರ ಉಲ್ಟಾ. ಜನರ ಮುಖ, ಮಾತು ಕಷ್ಟವೆನಿಸುವ ಮಗುವಿಗೆ ಒಂದೇ ರೀತಿ ಮತ್ತೆ ಮತ್ತೆ ಬರುವ ವಿಡಿಯೋ ಹಿತವಾಗಿರುತ್ತದೆ, ಅದಕ್ಕೇ ಅಂಟಿಕೊಳ್ಳುತ್ತದೆ. ಪರದೆ ನಿಲ್ಲಿಸಿ ಮಾತು ಹೆಚ್ಚಿಸಿದಾಗ ಕೆಲವು ಮಕ್ಕಳು ಬೇಗ ಚೇತರಿಸುತ್ತಾರೆ, ಅದು ಒಳ್ಳೆಯದೇ. ಆದರೆ ‘ಆರು ತಿಂಗಳು ಮೊಬೈಲ್ ಬಿಡಿಸಿ ನೋಡೋಣ’ ಎಂದು ತಪಾಸಣೆಯನ್ನು ಮುಂದೆ ಹಾಕಿದರೆ, ನಿಜವಾಗಿ ನೆರವು ಬೇಕಿದ್ದ ಮಗು ಅಮೂಲ್ಯ ಸಮಯ ಕಳೆದುಕೊಳ್ಳುತ್ತದೆ.

ಎಷ್ಟು ಹೊತ್ತು ಸರಿ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಹೀಗೆ: ಒಂದು ವರ್ಷ ತುಂಬುವವರೆಗೆ ಪರದೆ ಬೇಡ, ಎರಡು ತುಂಬುವವರೆಗೂ ಬೇಡವೆಂಬುದೇ ಸಲಹೆ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಿಲ್ಲ. ಭಾರತೀಯ ಮಕ್ಕಳ ತಜ್ಞರ ಸಂಘದ ಮಾತೂ ಹೆಚ್ಚು ಕಡಿಮೆ ಇದೇ. ಎರಡರೊಳಗಿನವರಿಗೆ ಬಂಧುಗಳ ಜೊತೆ ಆಗೀಗ ವಿಡಿಯೋ ಕಾಲ್ ಬಿಟ್ಟು ಬೇರೇನೂ ಬೇಡ, 5ರವರೆಗೆ ಒಂದು ಗಂಟೆಯೊಳಗೆ, 5ರಿಂದ 10 ವರ್ಷಕ್ಕೆ ಎರಡು ಗಂಟೆಯೊಳಗೆ. ಮೂರು ವರ್ಷದ ನಂತರ ಒಳ್ಳೆಯ ಕಾರ್ಯಕ್ರಮದಿಂದ ಮಕ್ಕಳು ನಿಜಕ್ಕೂ ಕಲಿಯುತ್ತಾರೆ. ಪಕ್ಕದಲ್ಲಿ ಕೂತು ‘ಆನೆ ಎಲ್ಲಿ ಹೋಯ್ತು?’ ಎಂದು ಕೇಳುವ ದೊಡ್ಡವರಿದ್ದರೆ ಇನ್ನೂ ಹೆಚ್ಚು ಕಲಿಯುತ್ತಾರೆ.

ಕಣ್ಣು, ನಿದ್ದೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮಲಗುವ ಹೊತ್ತಿನ ಪ್ರಖರ ಬೆಳಕು ನಿದ್ದೆ ತರುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ, ಪುಟ್ಟ ಮಕ್ಕಳಲ್ಲಂತೂ ಬಹಳ. ಹಾಗಾಗಿ ರಾತ್ರಿ ಹಾಸಿಗೆಯಲ್ಲಿ ಫೋನ್ ಬೇಡ. ದೂರದ್ದು ಮಸುಕಾಗುವ ಸಮೀಪದೃಷ್ಟಿ ಬರುವುದನ್ನು ಕಡಿಮೆ ಮಾಡಲು ಹೊರಗೆ ಬೆಳಕಿನಲ್ಲಿ ಕಳೆಯುವ ಹೊತ್ತು ನೆರವಾಗುತ್ತದೆ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಶಾಲೆಯ ದಿನ 40 ನಿಮಿಷ ಹೊರಗಿನ ಚಟುವಟಿಕೆ ಸೇರಿಸಿದರು. ಮೂರು ವರ್ಷದ ನಂತರ ಸಮೀಪದೃಷ್ಟಿ ಬಂದದ್ದು ಶೇ 30.4 ಮಕ್ಕಳಿಗೆ. ಹಾಗೆ ಸೇರಿಸದ ಶಾಲೆಗಳಲ್ಲಿ ಶೇ 39.5. ಹದಿಹರೆಯದವರ ಗೇಮಿಂಗ್ ಚಟ ಬೇರೆಯೇ ಸಮಸ್ಯೆ. ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ.

ಈ ವಿಷಯ ಬಂದಾಗಲೆಲ್ಲ ಬೆರಳು ತಾಯಂದಿರ ಕಡೆ ತಿರುಗುತ್ತದೆ. ಇದು ನ್ಯಾಯವಲ್ಲ. ಎರಡು ಕೋಣೆಯ ಬಾಡಿಗೆ ಮನೆ, ಕೆಳಗೆ ಆಡಲು ಜಾಗವಿಲ್ಲ, ಅಜ್ಜಿ ಊರಲ್ಲಿ, ಅಪ್ಪ ಅಮ್ಮ ಇಬ್ಬರಿಗೂ ಕೆಲಸ. ಒಲೆಯ ಮೇಲೆ ಕುದಿಯುವ ಎಣ್ಣೆ ಇದ್ದಾಗ ಹತ್ತು ನಿಮಿಷ ಮಗು ಒಂದು ಕಡೆ ಕೂತರೆ ಸಾಕು ಅನಿಸುವುದು ಸಹಜ. ಆ ಹತ್ತು ನಿಮಿಷದಿಂದ ಯಾವ ಮಗುವೂ ಹಾಳಾಗುವುದಿಲ್ಲ. ಅಂಗನವಾಡಿಗಳು, ಗ್ರಾಮ ಪಂಚಾಯಿತಿಗಳಲ್ಲಿ ಶುರುವಾದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳು, ಬೀದಿಗೊಂದು ಪುಟ್ಟ ಪಾರ್ಕ್, ಇವೆಲ್ಲ ಮಕ್ಕಳ ಮಾತಿನ ವಿಷಯವೇ ಎಂದು ನಾನು ನಂಬುತ್ತೇನೆ.

ಮನೆಯಲ್ಲಿ ಯಾವ ಭಾಷೆಯಲ್ಲಿ ಮಾತಾಡಬೇಕು ಎಂದು ಕೇಳುವವರಿಗೆ ಉತ್ತರ ಸುಲಭ. ನಿಮಗೆ ಸಲೀಸಾಗಿ, ಪ್ರೀತಿಯಿಂದ ಬರುವ ಭಾಷೆಯಲ್ಲಿ. ಎರಡು ಮೂರು ಭಾಷೆ ಕೇಳಿದರೆ ಮಾತು ತಡವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಶಾಲೆಗೆ ಬೇಕೆಂದು ಬಾರದ ಇಂಗ್ಲಿಷ್‌ನಲ್ಲಿ ನಾಲ್ಕೇ ಮಾತಾಡಿ, ಉಳಿದದ್ದನ್ನು ಯೂಟ್ಯೂಬ್‌ಗೆ ಬಿಡುವುದು ಮಗುವಿಗೆ ನಷ್ಟ. ಕೂಸಿನೊಂದಿಗೆ ರಾಗ ಎಳೆದು, ದನಿ ಏರಿಸಿ ಇಳಿಸಿ, ‘ತಾಚಿ ಮಾಡೋಣಾ’ ಎಂದು ಮಾತಾಡಲು ಸಂಕೋಚ ಬೇಡ. ಹಾಗೆ ಎಳೆದು ಆಡುವ ಸ್ವರಗಳು ಶಬ್ದಗಳನ್ನು ಬಿಡಿಸಿ ಕೇಳಲು ಕೂಸಿಗೆ ನೆರವಾಗುತ್ತವೆ.

ಒಂದು ವರ್ಷವಾದರೂ ಬೆರಳು ತೋರಿಸದ, ಟಾಟಾ ಮಾಡದ, ಹೆಸರು ಕರೆದರೆ ತಿರುಗದ ಮಗುವನ್ನು ವೈದ್ಯರಿಗೆ ತೋರಿಸಿ. ಹದಿನಾರು ತಿಂಗಳಿಗೆ ಒಂದೂ ಪದ ಬಾರದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂಬಂಥ ಎರಡು ಪದದ ಸ್ವಂತ ಮಾತು ಬಾರದಿದ್ದರೆ, ಅಥವಾ ಬಂದಿದ್ದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ ಕಾಯಬೇಡಿ. ‘ಗಂಡು ಮಕ್ಕಳು ಲೇಟಾಗಿ ಮಾತಾಡ್ತವೆ, ಅವರಪ್ಪನೂ ಹಾಗೇ ಇದ್ದ’ ಎಂಬ ಸಮಾಧಾನವನ್ನು ನಂಬಿ ಕೂರಬೇಡಿ. ಮೊದಲು ಕಿವಿ ಪರೀಕ್ಷೆ ಆಗಲಿ. ಕೇಳಿಸದ ಮಗುವಿನ ಮಾತು ತಡವಾದದ್ದಕ್ಕೆ ಮೊಬೈಲನ್ನು ದೂರುತ್ತಾ ವರ್ಷ ಕಳೆಯುವುದು ಬೇಡ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕೆ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಮಕ್ಕಳಿಗೆ ಬೇಗ ನೆರವು ನೀಡುವ ಕೇಂದ್ರಗಳಿವೆ. ಅಲ್ಲಿಗೆ ಹೇಗೆ ಹೋಗುವುದು ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಿ.